ಪಿನ್ ಹೊಡೆದ ಪುಟಗಳು

ಪುಸ್ತಕ ಸೀದಾ ಪೃಥ್ವೀರಾಜನ ಎದೆಗೆ ಬಂದು ಬಡಿಯಿತು.

ದಪ್ಪ ರಟ್ಟಿನ ಪುಸ್ತಕ. ಎಸೆದವಳು ಅರ್ಪಿತಾ, ಹುಬ್ಬಳ್ಳಿಯವಳು, ವಿಶಾಖಪಟ್ಟಣದ ಬ್ಯಾಂಕೊಂದರಲ್ಲಿ ಆಫೀಸರ್. ಸಿಟ್ಟು ಬಂದರೆ ಅವಳ ಮೂಗಿನ ತುದಿ ಕೆಂಪಾಗುತ್ತದೆ ಎಂಬುದನ್ನು ಅವನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಅದನ್ನು ನೋಡುವ ಹೊತ್ತೇ ಇದು? ಏನು ಮಾಡುವುದು, ಪ್ರೀತಿಗೆ ಬಿದ್ದವನ ಕಣ್ಣು ಪೆಟ್ಟು ತಿನ್ನುವಾಗಲೂ ತನ್ನ ಕೆಲಸ ಬಿಡುವುದಿಲ್ಲ.

"ಇದಕ್ಕ ಪಿನ್ ಹೊಡದವ್ರು ನೀವ ಏನ್ರೀ?"

ಅವರಿದ್ದದ್ದು ಊರಂಚಿನ ಪೆಂಡುರ್ತಿಯಲ್ಲಿ, ಗೆಳತಿ ಶುಭಾಳ ಮನೆಯ ಪಡಸಾಲೆಯಲ್ಲಿ. ತಿಂಗಳಿಗೊಂದು ಭಾನುವಾರ ಊರಿನ ನಾಲ್ಕಾರು ಕನ್ನಡದವರು ಅಲ್ಲಿ ಸೇರುತ್ತಿದ್ದರು. ಓದಿದ್ದನ್ನು ಹರಟಿ, "ಇದನ್ನ ಬಿಡದೆ ಓದಿ" ಎಂದು ಒಬ್ಬರ ಪುಸ್ತಕ ಇನ್ನೊಬ್ಬರ ಕೈಗೆ ದಾಟಿಸಿ, ಉಪ್ಪಿಟ್ಟು ತಿಂದು ಏಳುವುದು ವಾಡಿಕೆ. ಅರ್ಪಿತಾ ಕೇಳುತ್ತಿದ್ದದ್ದು ಒಂದೇ ಬಗೆಯ ಪುಸ್ತಕ: ಹೊಡೆತ, ಬಡಿತ, ಕೊಲೆ. "ಇವಳಿಗೆ ರಕ್ತ ಇಲ್ಲದಿದ್ರೆ ನಿದ್ದೆ ಬರಲ್ಲ" ಎಂದು ಶುಭಾ ಛೇಡಿಸುತ್ತಿದ್ದಳು. ಅಂಥ ಪುಸ್ತಕಗಳನ್ನು ಊರೆಲ್ಲ ಹುಡುಕಿ ತಂದುಕೊಡುವ ಕೆಲಸವನ್ನು ನೇವಿಯಲ್ಲಿ ಹಡಗಿನ ಇಂಜಿನ್ ನೋಡಿಕೊಳ್ಳುವ ಪೃಥ್ವೀರಾಜ ಯಾರೂ ಹೇಳದೆಯೇ ವಹಿಸಿಕೊಂಡಿದ್ದ.

ಕೊಡುವ ಮೊದಲು ಅವನೊಂದು ಕಳ್ಳಕೆಲಸ ಮಾಡುತ್ತಿದ್ದ. ಗಂಡ ಹೆಂಡತಿಯನ್ನು ಹೊಡೆಯುವ ಪುಟಗಳನ್ನು ಸೇರಿಸಿ ಸ್ಟೇಪ್ಲರ್ ಒತ್ತಿಬಿಡುತ್ತಿದ್ದ. ವಿಜಯವಾಡದಲ್ಲಿ ಬಿಟ್ಟುಬಂದ ಗಂಡ ನಟರಾಜನ ಏಟಿಗೆ ಅರ್ಪಿತಾಳ ಎಡಗಿವಿ ಕೇಳಿಸದಂತಾಗಿದೆ ಎಂದು ಶುಭಾ ಅವನಿಗೆ ಹೇಳಿದ್ದಳು.

"ನಿಮ್ಗೆ ನೋವಾಗ್ಬಾರ್ದು ಅಂತ..."

"ನೋವಾಗಿ ಮುಗದೈತ್ರೀ! ಇನ್ನ ಅದನ್ನ ಹೇಳೂದು ಉಳದೈತಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಬರೋ ಮಂಗಳವಾರ ವಿಜಯವಾಡ ಕೋರ್ಟಿನ್ಯಾಗ ನನ್ನ ಸಾಕ್ಷಿ ಐತಿ. ಪೊಲೀಸರ ಮುಂದ 'ಹೊಡದ' ಅಂದೆ, ಅಷ್ಟ. ಹೆಂಗ ಹೊಡದ, ಎಲ್ಲಿ ಹೊಡದ ಅಂತ ಕೇಳಿದ್ರ ಬಾಯಿ ಕಟ್ಟತೈತಿ. ಬ್ಯಾರೇದವ್ರು ಅದನ್ನ ಹೆಂಗ ಹೇಳ್ಯಾರ ನೋಡೂಣು ಅಂತ ನಾ ಈ ಪುಸ್ತಕ ಕೇಳಾಕತ್ತಿದ್ದೆ. ನೀವು ಸರಿಯಾಗಿ ಆ ಪುಟಕ್ಕ ಬೀಗ ಜಡದೀರಿ. ಅಲ್ಲಿ ನನ್ನ ಬಾಯಿಂದ ಮಾತ ಹೊರಡಲಿಲ್ಲಂದ್ರ ಆ ನಟರಾಜ ನಕ್ಕೋತ ಹೊರಗ ಬರ್ತಾನ. ಗೊತ್ತೇನು?"

ಪೃಥ್ವೀರಾಜನಿಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಬಗ್ಗಿ ಪುಸ್ತಕ ಎತ್ತಿಕೊಂಡು ಅಲ್ಲೇ ಕೂತು ಪಿನ್ನುಗಳನ್ನು ಉಗುರಿನಿಂದ ಕೀಳತೊಡಗಿದ. ಬೆರಳ ತುದಿಯಲ್ಲಿ ರಕ್ತ ಜಿನುಗಿದರೂ ನಿಲ್ಲಿಸಲಿಲ್ಲ. ಅವಳು ಕಣ್ಣು ಕಿರಿದು ಮಾಡಿ ಅವನ ಬೆರಳುಗಳನ್ನೇ ನೋಡುತ್ತ ನಿಂತಳು.

"ನನ್ನ ಹತ್ರ ಒಂದ್ಸಲ ಹೇಳಿ ನೋಡ್ತೀರಾ?" ಎಂದು ತಲೆ ಎತ್ತದೆ ಕೇಳಿದ.

ಸೋಮವಾರ ವಿಜಯವಾಡದ ರೈಲಿನಲ್ಲಿ ಅವಳು ಹೇಳಿದಳು. ಅವನು ರಜೆ ಹಾಕಿ ಬಂದಿದ್ದ. ಎದುರು ಬದುರು ಕಿಟಕಿ ಸೀಟು. ಅನಕಾಪಲ್ಲಿ ದಾಟುವವರೆಗೆ ಅವಳು ಬಾಯಿ ತೆರೆಯುವುದು, ಮುಚ್ಚುವುದು, ಇಷ್ಟೇ ಆಯಿತು. ಆಮೇಲೆ ಒಮ್ಮೆಲೇ ಶುರುಮಾಡಿದಳು.

"ಓದಕೋತ ಕುಂತಿದ್ದೆ. ಅವ ಕರದದ್ದು ಕೇಳಲಿಲ್ಲ. 'ಕಿವಿ ಇಲ್ಲೇನ ನಿನಗ' ಅಂದ. ಜಡಿ ಹಿಡದು ಎಳದ, ಕೂದಲಾ ಕೈಗೆ ಸುತ್ತಿಗೊಂಡ. ಅಡಗಿ ಕಟ್ಟಿ ಕಲ್ಲಿಗೆ ತಲಿ ಬಡದ. ಎದ್ದೆ, ಮತ್ತ ಬಡದ. ಕುಕ್ಕರ್ ಮುಚ್ಚಳ ತಗೊಂಡು ಬೆನ್ನಿಗೆ ಹಾಕಿದ. ಕೂಗಬಾರದಂತ ಬಾಯಾಗ ಒರಸೂ ಅರಬಿ ತುರುಕಿದ. ಕಡೀಕ ಕಿವಿಗೆ ಹೊಡದ, ಅಂಗೈ ಅಗಲ ಮಾಡಿ. ಒಳಗ ಏನೋ ಹರದಂಗಾತು. ಬಿಸಿ ರಕ್ತ ಕುತ್ತಿಗಿಗೆ ಇಳೀತು. ಅದನ್ನ ನೋಡಿ ಅವ ಕೈ ತೊಳಕೊಂಡು ಊಟಕ್ಕ ಕುಂತ. ನಾನ ಬಡಿಸಿದೆ."

ಕೊನೆಯ ಮಾತಿಗೆ ಪೃಥ್ವೀರಾಜ ಸೀಟಿನಿಂದ ಎದ್ದುನಿಂತ.

"ಅವ್ನ ಎರಡೂ ಕೈ ಮುರೀತೀನಿ."

"ಮುರೀರಿ. ಆಮ್ಯಾಲೆ ಕೇಸು ನಿಮ್ಮ ಮ್ಯಾಲೆ. ಹೊಡಿಯವ್ರನ್ನ ಸಾಕಷ್ಟು ನೋಡೇನಿ, ನೀವು ಸುಮ್ನ ಕುಂತು ಕೇಳ್ರಿ." ಹಾಗೆಂದವಳು ಅವನನ್ನು ಓರೆಗಣ್ಣಿನಿಂದ ನೋಡಿದಳು. "ಮೀಸಿ ನಡಗಾಕತ್ತೈತಿ ನಿಮ್ದು."

ಅವನು ಗಡಬಡಿಸಿ ಮೀಸೆ ಮುಟ್ಟಿಕೊಂಡ. ಅವಳು ನಕ್ಕಳು. ಕಣ್ಣೀರು ಒರೆಸದೆಯೇ ನಕ್ಕಳು. ಆ ನಗುವಿಗೆ ಅವನು ಪೂರ್ತಿ ಸೋತುಹೋದ, ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಮಾರನೆಯ ದಿನ ಕೋರ್ಟಿನ ವರಾಂಡದಲ್ಲಿ ನಟರಾಜ ಎದುರಾದ. ಇಸ್ತ್ರಿ ಮಾಡಿದ ಶರ್ಟು, ಹಣೆಯಲ್ಲಿ ಕುಂಕುಮ. ಕೇಳಿಸುವ ಕಿವಿಯ ಕಡೆಯಿಂದಲೇ ಅವಳ ಹತ್ತಿರ ಬಂದು, "ಇದೊಂದು ಉಳದೈತಿ, ಇದೂ ಬ್ಯಾಡೇನು?" ಎಂದ.

ಪೃಥ್ವೀರಾಜ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದ. ಹಿಂದಲೆ ಗೋಡೆಗೆ ಬಡಿದ ಸದ್ದಿಗೆ ಜನ ತಿರುಗಿದರು. ಮುಷ್ಟಿ ಮೇಲೆದ್ದಿತ್ತು.

"ಕೈ ಇಳಸ್ರಿ," ಎಂದಳು ಅರ್ಪಿತಾ. ದನಿ ಎತ್ತರಿಸಲಿಲ್ಲ. "ನೀವು ಹೊಡದ್ರ ಇವತ್ತ ಬರೇ ಅದರ ಸುದ್ದಿ ಆಗತೈತಿ. ನಂದ ಯಾರೂ ಕೇಳಂಗಿಲ್ಲ."

ಅವನು ನಟರಾಜನನ್ನು ಬಿಟ್ಟ. ಆದರೆ ಎದ್ದ ಮುಷ್ಟಿ ಎಲ್ಲಾದರೂ ಇಳಿಯಬೇಕಲ್ಲ, ಪಕ್ಕದ ಕಂಬಕ್ಕೆ ಗುದ್ದಿದ. ಗೆಣ್ಣಿನ ಚರ್ಮ ಕಿತ್ತುಬಂತು.

ಕಟಕಟೆಯಲ್ಲಿ ಅವಳು ತೆಲುಗಿನಲ್ಲಿ ಎಲ್ಲವನ್ನೂ ಹೇಳಿದಳು. ಕೂದಲು, ಕಲ್ಲು, ಮುಚ್ಚಳ, ಬಟ್ಟೆ, ಕಿವಿ. ಎಲ್ಲೂ ತಡವರಿಸಲಿಲ್ಲ. ಟೈಪಿಸ್ಟ್ ಒಂದೆರಡು ಕಡೆ ಕೈ ನಿಲ್ಲಿಸಿ ಅವಳ ಮುಖ ನೋಡಿದ. ಹಿಂದಿನ ಬೆಂಚಿನಲ್ಲಿ ಪೃಥ್ವೀರಾಜ ಗೆಣ್ಣಿಗೆ ಕರವಸ್ತ್ರ ಸುತ್ತಿಕೊಂಡು ಕೂತಿದ್ದ.

ಆಮೇಲೆ ನಟರಾಜನ ವಕೀಲ ಎದ್ದ. ಅವಸರವಿಲ್ಲದೆ ಹಿಂದಿನ ಬೆಂಚಿನ ಕಡೆ ಬೆರಳು ತೋರಿಸಿದ. "ಅಲ್ಲಿ ಕೂತವರು ಯಾರಮ್ಮಾ? ನಿಮ್ಮ ಜೊತೆ ಬಂದವರು, ಹೊರಗೆ ನನ್ನ ಕಕ್ಷಿದಾರರ ಮೇಲೆ ಕೈ ಮಾಡಿದವರು? ಅವರಿಗೂ ನಿಮಗೂ ಏನು ಸಂಬಂಧ? ಅವರಿಗಾಗಿಯೇ ತಾನೇ ಈ ಕಥೆ ಕಟ್ಟಿದ್ದು?"

ಕೋರ್ಟಿನ ಜನವೆಲ್ಲ ಹಿಂದಕ್ಕೆ ತಿರುಗಿತು. ಇಲ್ಲ ಎನ್ನಲಿ, ಪರಿಚಯದವರು ಎನ್ನಲಿ, ಯಾರೋ ಗೊತ್ತಿಲ್ಲ ಎಂದರೂ ಸರಿ ಎಂದು ಪೃಥ್ವೀರಾಜ ಮನಸ್ಸಿನಲ್ಲೇ ಬೇಡಿಕೊಂಡ. ಹೌದು ಎಂದಳೋ, ಹೇಳಿದ್ದೆಲ್ಲ ನೀರುಪಾಲು. ಅವಳು ತನ್ನನ್ನು ಅಲ್ಲಗಳೆಯಲಿ ಎಂದು ಬೇಡುವಾಗ ಎದೆ ಹಿಂಡುತ್ತಿತ್ತು, ಆದರೂ ಬೇಡಿದ.

ಅರ್ಪಿತಾ ಅವನನ್ನೇ ನೋಡಿದಳು. ಸಿಟ್ಟಿನಲ್ಲಿ ತೆಲುಗು ಮರೆತು ಕನ್ನಡ ಬಂತು.

"ಹೌದ್ರೀ. ನಾ ಅವ್ರನ್ನ ಪ್ರೀತಿ ಮಾಡ್ತೀನಿ."

ಕೋಣೆಯಲ್ಲಿ ಅದು ಅರ್ಥವಾದದ್ದು ಇಬ್ಬರಿಗೆ ಮಾತ್ರ, ಪೃಥ್ವೀರಾಜನಿಗೆ ಮತ್ತು ನಟರಾಜನಿಗೆ.

"ತೆಲುಗಿನಲ್ಲಿ ಹೇಳಮ್ಮಾ," ಎಂದರು ನ್ಯಾಯಾಧೀಶರು.

ಅವಳು ತೆಲುಗಿನಲ್ಲಿ ಇನ್ನೂ ಜೋರಾಗಿ ಹೇಳಿದಳು. "ನಾನು ಅವರನ್ನು ಪ್ರೀತಿಸುತ್ತೇನೆ. ಅವರನ್ನು ಮೊದಲು ನೋಡಿದ್ದು ಹೋದ ವರ್ಷ. ನನ್ನ ಕಿವಿ ಹೋದದ್ದು ಅದಕ್ಕಿಂತ ಎಷ್ಟೋ ಮುಂಚೆ, ಆಸ್ಪತ್ರೆಯ ಕಾಗದ ನಿಮ್ಮ ಮುಂದೆಯೇ ಇದೆ. ಪ್ರೀತಿಸಿದ್ದು ತಪ್ಪಾದರೆ ಅದಕ್ಕೆ ಬೇರೆ ಕೇಸು ಹಾಕಿ. ಹೊಡೆದವನು ಮಾತ್ರ ಇಗೋ, ಇಲ್ಲಿ ನಿಂತಿದ್ದಾನೆ."

ನ್ಯಾಯಾಧೀಶರು ಕಾಗದ ತಿರುವಿ ತಾರೀಕು ನೋಡಿದರು. ಟೈಪಿಸ್ಟ್‌ಗೆ, "ಪೂರ್ತಿ ಬರೆದುಕೊಳ್ಳಿ" ಎಂದರು. ವಕೀಲ ಇನ್ನು ಪ್ರಶ್ನೆಗಳಿಲ್ಲವೆಂದು ಕೂತ.

ತೀರ್ಪಿಗೆ ಇನ್ನೂ ತಿಂಗಳುಗಳಿವೆ ಎಂದು ಹೊರಗೆ ಸರ್ಕಾರಿ ವಕೀಲೆ ಹೇಳಿಹೋದರು. ವರಾಂಡದ ಗದ್ದಲದಲ್ಲಿ ಇಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತರು.

"ನೀವು ಅಂದಿದ್ದು..." ಪೃಥ್ವೀರಾಜ ಪೆದ್ದನ ಹಾಗೆ ಕೇಳಿದ, "ಕೇಸಿಗೋಸ್ಕರಾನಾ?"

"ಪ್ರಮಾಣ ಮಾಡಿ ಹೇಳೇನ್ರೀ. ಸುಳ್ಳಾದ್ರ ಜೈಲಿಗೆ ಹಾಕ್ತಾರ." ಅವಳು ಈಗ ನೇರವಾಗಿ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ನೀವ ಇನ್ನೂ ಏನೂ ಹೇಳಿಲ್ಲ."

ಪೃಥ್ವೀರಾಜ ಹೇಳಿದ. ಕನ್ನಡ ಬಾರದ ಪೊಲೀಸರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ.