ಶ್ವಾಸದರ್ಪಣದ ಹಸಿರು

ಶ್ವಾಸದರ್ಪಣ ಸಣ್ಣಗೆ ಸಿಳ್ಳು ಹಾಕಿತು. ದ್ಯಾಮಣ್ಣನ ಹಾಸಿಗೆಯ ತಲೆಗಡೆ ಹಸಿರು ದೀಪ ಹೊತ್ತಿತು. ಅವನ ಹೆಂಡತಿ ಈರವ್ವ ಯಾರೂ ನೋಡದಂತೆ ಊದುಗೊಳವೆಯನ್ನು ತನ್ನ ಬಾಯಿಂದ ತೆಗೆದು, ಒರೆಸಿ, ಗಂಡನ ತುಟಿಗೆ ಇಟ್ಟಳು.

ಶ್ವಾಸಕೋಶಕ್ಕೆ ವೈರಾಣು ಹೊಕ್ಕಾಗ ದೇಹ ಅದನ್ನು ಸುಡಲು ಉಗ್ರ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತದೆ. ಅವು ಮಿತಿಮೀರಿದರೆ ಶ್ವಾಸಕೋಶವೂ ಸುಡುತ್ತದೆ. ಇದೇ ಉತ್ಕರ್ಷಣ ಒತ್ತಡ. ಆ ಉರಿಯನ್ನು ಆರಿಸುವ ನಿರೋಧಕಗಳು ರಕ್ತದಲ್ಲೇ ಇವೆಯಾದರೂ ಜ್ವರ ಜೋರಾದಂತೆ ಬರಿದಾಗುತ್ತವೆ. ಡಾ. ಸುನಂದಾ ಹಂಪಿಹೊಳಿ ರೂಪಿಸಿದ ಶ್ವಾಸದರ್ಪಣ ಉಸಿರಿನಿಂದಲೇ ಇದನ್ನು ಅಳೆದು, ಕೊರತೆಯಾದಷ್ಟನ್ನು ಸಲೈನಿನಲ್ಲಿ ಬೆರೆಸುತ್ತಿತ್ತು. ದೀಪ ಹಸಿರಾದರೆ ಔಷಧ ನಿಲ್ಲುತ್ತಿತ್ತು. ಕೆಂಪಾದರೆ ರೋಗಿ ಮೇಲಿನ ಮಹಡಿಯ ತೀವ್ರನಿಗಾ ಘಟಕಕ್ಕೆ.

ಈ ಜ್ವರ ಬಂದು ವಾಸಿಯಾದವರನ್ನು ಮಾತ್ರ ರೋಗಿಯ ಜೊತೆ ಕೆಳಗಿನ ವಾರ್ಡಿಗೆ ಬಿಡುತ್ತಿದ್ದರು. ಮೇಲಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ಅಲ್ಲಿ ಸಾಯುವವರ ಬಾಯಿಗೆ ನೀರು ಬಿಡಲು ಮನೆಯವರು ಇರುತ್ತಿರಲಿಲ್ಲ. ವಾರ್ಡಿನವರ ಭಯವೆಲ್ಲ ಅದೇ.

"ನಿಮ್ದೂ ಹಸಿರ ಏನ್ ಯಕ್ಕಾ?" ಪಕ್ಕದ ಹಾಸಿಗೆಯಲ್ಲಿದ್ದ ತಾಯಿಯ ಕಾಲು ಒತ್ತುತ್ತ ರಾಜೇಸಾಬ ಕೇಳಿದ. "ನಮ್ಮವ್ವಗಂತೂ ಕೆಂಪ ದೀಪಾನೂ ಅಂಜತೈತಿ. ಬೈದು ಹಸಿರ ಮಾಡತಾಳ."

ಈರವ್ವನಿಗೆ ನಗು ಬರಲಿಲ್ಲ. ದ್ಯಾಮಣ್ಣನ ಉಗುರುಗಳು ನೀಲಿಗಟ್ಟಿದ್ದವು.

ಮಧ್ಯಾಹ್ನ ಡಾಕ್ಟರು ಸುನಂದಾ ಬಂದು ದೀಪ ನೋಡಿದರು. "ಹಸಿರ ಐತಲ್ಲವಾ, ಯಾಕ ಅಂಜತೀ?" ಎಂದು ಮುಂದೆ ಹೊರಟರು.

ಬಾಯಿ ಬಿಟ್ಟರೆ ಗಂಡನನ್ನು ಒಯ್ಯುತ್ತಾರೆ. ಬಿಡದಿದ್ದರೆ ಇಲ್ಲೇ ಹೋಗುತ್ತಾನೆ. ಅವನ ಎದೆ ಒಮ್ಮೆ ಏರಿತು. ಇಳಿಯಲಿಲ್ಲ, ಇಳಿಯಲಿಲ್ಲ. ಕೊನೆಗೆ ಇಳಿಯಿತು.

"ಬಾಯಾರ," ಈರವ್ವ ಡಾಕ್ಟರನ್ನು ಕೂಗಿದಳು. "ಊದಿದಾಕಿ ನಾನ್ರಿ."

"ಏನಂದಿ?"

"ಮುಂಜಾನಿ, ಸಂಜಿ, ಎಲ್ಲಾ ನಾನ ಊದೀನಿ. ಅದು ಅವರ ಉಸರಲ್ಲ. ಮ್ಯಾಲೆ ಒಯ್ತೀರಿ ಅಂತ..."

ಡಾಕ್ಟರು ಕೊಳವೆಯನ್ನು ದ್ಯಾಮಣ್ಣನ ಬಾಯಿಗೆ ಹಿಡಿದರು. ದೀಪ ಕೆಂಪಾಯಿತು.

"ನಿನ್ನ ಉಸರ ನೋಡಿ ಮಶೀನು ಅವರ ಔಷಧ ನಿಲ್ಲಿಸೇತಿ."

"ಹಂಗಾರ ನಾನ ಕೊಂದ್ನೇನ್ರಿ?"

ಡಾಕ್ಟರ ಕಣ್ಣು ವಾರ್ಡಿನ ಉದ್ದಕ್ಕೂ ಹರಿಯಿತು. ಉಳಿದ ಎಲ್ಲ ದೀಪಗಳೂ ಹಸಿರು. ಯಂತ್ರ ಗೆದ್ದಿತೆಂದು ವಾರವಿಡೀ ಅವರು ನಂಬಿದ್ದು ಈ ಹಸಿರನ್ನು ನೋಡಿಯೇ.

"ಮತ್ತ ಯಾರ್ಯಾರು ಊದೀರಿ?"

ರಾಜೇಸಾಬ ತಾಯಿಯ ಕಾಲು ಒತ್ತುವುದನ್ನು ನಿಲ್ಲಿಸಿದ್ದ. ಒಬ್ಬ ಮುದುಕ ಗೋಡೆ ಕಡೆ ತಿರುಗಿ ಕುಳಿತ. ಆ ಹಸಿರೆಲ್ಲ ಮನೆಯವರ ಉಸಿರಿನದೆಂದು ಡಾಕ್ಟರಿಗೆ ತಿಳಿಯಿತು.

ಔಷಧ ಮತ್ತೆ ಹರಿಯಿತು. ಮಂಚವನ್ನು ಲಿಫ್ಟಿನ ಕಡೆ ತಳ್ಳಿದರು. ಈರವ್ವ ಹೊಸ್ತಿಲಲ್ಲೇ ನಿಂತಳು.

"ಒಳಗ ಬಾ," ಎಂದರು ಡಾಕ್ಟರು.

"ಮೇಡಂ, ರೂಲ್ಸ್..." ನರ್ಸು ತಡವರಿಸಿದಳು.

"ಇರಲಿ. ಬಾರವಾ, ಅವರ ಕೈ ಹಿಡ್ಕೊ."

ಈರವ್ವ ಲಿಫ್ಟಿನೊಳಗೆ ಕಾಲಿಟ್ಟದ್ದನ್ನು ಇಡೀ ವಾರ್ಡು ನೋಡಿತು.

"ಬಾಯಾರ," ರಾಜೇಸಾಬ ಎದ್ದು ನಿಂತ. "ನಾನೂ ಬರಬಹುದೇನ್ರಿ, ನಮ್ಮವ್ವನ ಜೋಡಿ?"

"ಬಾ."

ಅವನು ಕೊಳವೆಯನ್ನು ತಾಯಿಯ ಬಾಯಿಗೆ ಇಟ್ಟ. ಕೆಂಪು. ಅದರಾಚೆ ಇನ್ನೊಂದು. ಗೋಡೆ ಕಡೆ ತಿರುಗಿದ್ದ ಮುದುಕ ಎದ್ದು ಹೆಂಡತಿಯ ತಲೆ ಎತ್ತಿ ಹಿಡಿದ. ಮತ್ತೊಂದು. ದೀಪಗಳು ಸಾಲಾಗಿ ಕೆಂಪಾಗತೊಡಗಿದವು. ಮೇಲೆ ಅಷ್ಟು ಹಾಸಿಗೆಗಳಿರಲಿಲ್ಲ.

ಲಿಫ್ಟಿನ ಬಾಗಿಲು ಮುಚ್ಚದಂತೆ ಕಾಲು ಅಡ್ಡ ಇಟ್ಟು ನಿಂತ ಡಾಕ್ಟರಿಗೆ ತಾವು ಕಟ್ಟಿದ ಯಂತ್ರದ ಬಗ್ಗೆ ಮೊದಲ ಸಲ ಭಯವಾಯಿತು. ಅದು ಈಗ ನಿಜ ಹೇಳುತ್ತಿತ್ತು.