ಐದನೆಯ ಅಂತಸ್ತು

ಪೆರ್ಲಿತಾಗೆ ಹೊಟ್ಟೆ ತುಂಬಿತೆಂಬ ಅರಿವು ಇರಲಿಲ್ಲ. ಮನಸ್ಸು ಕೆಟ್ಟ ದಿನ ಬಾಗಿಲು ಹಾಕಿಕೊಂಡು, ರುಚಿಯೂ ತಿಳಿಯದಷ್ಟು ಬೇಗಬೇಗ, ಹೊಟ್ಟೆ ನೋಯುವವರೆಗೆ ತಿನ್ನುತ್ತಿದ್ದಳು. ಆಮೇಲೆ ನಾಚಿಕೆ. ಇದು ಕಾಯಿಲೆ, ಸಕ್ಕರೆಯೂ ಏರಿದೆ ಎಂದು ಡಾಕ್ಟರು ಹೇಳಿದ್ದರು. ಅವಳು ಮತ್ತೆ ಅತ್ತ ತಲೆ ಹಾಕಲಿಲ್ಲ.

ಇಲೊಯಿಲೊ ಪಟ್ಟಣದ ಅವಳ ಕೇಕ್ ಅಂಗಡಿಗೆ ರೊಡೆಲ್ ಬಂದ. ಎರಡು ವರ್ಷದ ಹಿಂದೆ ನಿಶ್ಚಿತಾರ್ಥದ ಊಟದಲ್ಲಿ, "ಇವಳ ಜೊತೆಗೆ ಅಕ್ಕಿ ಗೋದಾಮೂ ಬೇಕಾಗುತ್ತೆ" ಎಂದು ಎಲ್ಲರನ್ನೂ ನಗಿಸಿ, ಅವಳನ್ನು ಬಿಟ್ಟುಹೋದವನು. ಈಗ ಬೇರೊಬ್ಬಳೊಂದಿಗೆ ಅವನ ಮದುವೆ.

"ಐದಂತಸ್ತಿನ ಕೇಕ್ ಬೇಕು. ತರೋವಾಗ ದಾರೀಲೇ ತಿಂದ್ಬಿಡ್ಬೇಡ, ಆಯ್ತಾ?"

"ಮುಟ್ಟಲ್ಲ ಬಿಡು."

ಮದುವೆಯ ಕೇಕಿನಲ್ಲಿ ಮೇಲಿನ ನಾಲ್ಕು ಅಂತಸ್ತು ಬರೀ ಥರ್ಮೋಕೋಲ್. ಕ್ರೀಮ್ ಬಳಿದರೆ ಯಾರಿಗೂ ತಿಳಿಯದು. ಕೆಳಗಿನದೊಂದೇ ಅಸಲಿ. ವಧೂವರರು ಚಾಕು ಇಳಿಸುವುದು ಅದಕ್ಕೆ.

"ಕೆಳಗಿನ ಐದನೇದನ್ನೂ ಥರ್ಮೋಕೋಲಲ್ಲೇ ಕತ್ತರಿಸು," ಎಂದಳು ಥರ್ಮೋಕೋಲ್ ಕೆಲಸದ ಕ್ರಿಸಾಂತೊಗೆ.

ಅವನು ಕಣ್ಣರೆಪ್ಪೆಯ ಮೇಲಿನ ಬಿಳಿ ಹುಡಿ ಒರೆಸಿಕೊಂಡು ಅವಳನ್ನೇ ನೋಡಿದ. ಅವನು ಹಾಗೆ ನೋಡಿದಾಗಲೆಲ್ಲ ಅವಳು ಏಪ್ರನ್ ಸರಿಮಾಡಿಕೊಳ್ಳುತ್ತಿದ್ದಳು. ಇವತ್ತು ಮಾಡಿಕೊಳ್ಳಲಿಲ್ಲ.

"ಮತ್ತೆ ಅವ್ನು ಏನ್ ತಿಂತಾನೆ ಮೇಡಂ?"

"ತಾನು ಆಡಿದ ಮಾತು."

"ಆ ಹುಡುಗಿ?"

ಪೆರ್ಲಿತಾ ಕ್ರೀಮ್ ಕಲಸತೊಡಗಿದಳು. ಅಸಲಿ ಕೇಕನ್ನು ಅಡುಗೆಮನೆಯಲ್ಲೇ ಬಿಟ್ಟು, ಐದೂ ಅಂತಸ್ತು ಥರ್ಮೋಕೋಲ್ ಜೋಡಿಸಿದಳು.

ಮದುವೆಯ ದಿನ ಇನ್ನೂರು ಜನರ ಎದುರು ಚಾಕು ಕಿರ್ರೆಂದಿತು. ರೊಡೆಲ್ ಬೆವರುತ್ತ ಒತ್ತಿದ. ಬಿಳಿ ಗುಂಡುಗಳು ಅವನ ಕೋಟಿಗೆ ಮೆತ್ತಿಕೊಂಡವು. ಜನ ನಕ್ಕರು. ಪೆರ್ಲಿತಾ ಕೇಕಿನ ಪಕ್ಕದಲ್ಲೇ ನಿಂತು, ಅವನು ತಲೆಯೆತ್ತಿ ತನ್ನನ್ನು ನೋಡುವವರೆಗೆ ಕಾದಳು. ನೋಡಿದ. ವಧು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೊರಟುಹೋದಳು.

ಮಧ್ಯಾಹ್ನ ಪೆರ್ಲಿತಾ ಅಂಗಡಿಗೆ ಮರಳಿ, ಅಡುಗೆಮನೆಯಲ್ಲಿ ಉಳಿದಿದ್ದ ಅಸಲಿ ಕೇಕಿನ ಮುಂದೆ ನೆಲದ ಮೇಲೆ ಕುಳಿತಳು. ಮುಕ್ಕಾಲು ಮುಗಿದಾಗ ಕ್ರಿಸಾಂತೊ ಬಂದ. ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ನಗು," ಎಂದಳು.

ಅವನು ನಗಲಿಲ್ಲ, ಎದುರಿಗೇ ಕುಳಿತ. "ಅವ್ನಿಗೆ ಸರಿಯಾದ ಶಿಕ್ಷೆ ಕೊಟ್ಟೆ. ಈಗ ಯಾರಿಗೆ ಕೊಡ್ತಿದೀಯ?"

ಅವನು 'ಮೇಡಂ' ಬಿಟ್ಟದ್ದು ಅದೇ ಮೊದಲು.

"ನಿಲ್ಸೋಕೆ ಆಗಲ್ಲ ಕ್ರಿಸಾಂತೊ. ಹೊಟ್ಟೆ ಸಿಡೀತಿದೆ, ಆದ್ರೂ ಆಗಲ್ಲ."

"ಗೊತ್ತು. ಎರಡು ವರ್ಷದಿಂದ ನಿನ್ನನ್ನ ಪೂರ್ತಿ ನೋಡ್ತಾ ಇದೀನಿ ಪೆರ್ಲಿತಾ. ಎಲ್ಲೂ ಹೆಚ್ಚು ಅನ್ನಿಸಿಲ್ಲ ನಂಗೆ. ಸೋಮವಾರ ಡಾಕ್ಟರ ಹತ್ರ ಹೋಗೋಣ. ನಾನು ಹೊರಗಡೆ ಕೂತಿರ್ತೀನಿ."

ಅವಳು ಕ್ರೀಮ್ ಮೆತ್ತಿದ ಕೈಯನ್ನು ಮುಂದೆ ತಂದಳು. ಅವನು ಹಿಡಿದುಕೊಂಡ.

"ಒಳಗೇ ಬಾ," ಎಂದಳು.

ರೊಡೆಲ್ ವಿಷಯಕ್ಕೆ ಅವಳು ಎಂದೂ ಕ್ಷಮೆ ಕೇಳಲಿಲ್ಲ. ಹೋದದ್ದು ಇಷ್ಟು: ಮೂರು ಮದುವೆಯ ಆರ್ಡರು, ಅಂಗಡಿಯ ಹೆಸರು, ಯಾವ ತಪ್ಪೂ ಮಾಡದ ಒಬ್ಬ ಹುಡುಗಿಯ ಮದುವೆಯ ದಿನ.