ಸೋಮವಾರ ಹೂಡದ ಗಾಡಿ

ಬುಧವಾರ ಬೆಳಗ್ಗೆ ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಮೂಟೆ ಇಳಿಸಿ, ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಿಬಿಡೋಣವೆಂದು ಜವರಯ್ಯ ಫೋನ್ ತೆಗೆದ. ಖಾತೆ ಬರಿದಾಗಿತ್ತು. ಹಿಂದಿನ ದಿನ ಸಂಜೆಯೇ ಯಾರೋ ಪೂರ್ತಿ ಬಳಿದುಕೊಂಡು ಹೋಗಿದ್ದರು.

ಅಂಗಡಿಯ ಗುಮಾಸ್ತ ಫೋನ್ ಇಸಿದುಕೊಂಡು ಮೆಸೇಜುಗಳನ್ನು ಸರಿಸಿದ. ಒಂದರ ಮೇಲೆ ಅವನ ಬೆರಳು ನಿಂತಿತು. ಜವರಯ್ಯನ ಟೆಂಪೋ ನಂಬರು ಹಾಕಿ, ಈ ಗಾಡಿ ಸೋಮವಾರ ಟೋಲ್ ಕಟ್ಟದೆ ದಾಟಿದೆ, ಇಂದೇ ಕಟ್ಟದಿದ್ದರೆ ದಂಡ, ಕೇಸು ಎಂದು ಬರೆದಿತ್ತು. ಕೆಳಗೊಂದು ಲಿಂಕು.

ಸೋಮವಾರ — ಜವರಯ್ಯನಿಗೆ ನಾಟಿದ್ದು ಆ ಒಂದು ಪದ. ಅವನ ಅಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವನಲ್ಲ. ಊರು ಬಿಟ್ಟು ವಿದ್ಯಾರಣ್ಯಪುರಂ ಸೇರಿ, ಎತ್ತಿನ ಜಾಗಕ್ಕೆ ಟೆಂಪೋ ಬಂದ ಮೇಲೂ ಜವರಯ್ಯ ಆ ನೇಮ ಬಿಟ್ಟಿರಲಿಲ್ಲ. ಸೋಮವಾರ ಗಾಡಿಗೆ ವಿರಾಮ, ಗಂಡಹೆಂಡಿರು ನಂಜನಗೂಡಿಗೆ ಹೋಗಿ ಕತ್ತಲಾದ ಮೇಲೆ ಬರುವುದು. ಹಿಂದೊಬ್ಬ ಡ್ರೈವರ್ ಕದ್ದು ಸೋಮವಾರ ಬಾಡಿಗೆ ಹೊಡೆದನೆಂದು ಅವನನ್ನು ಅಂದೇ ಬಿಡಿಸಿ ಕಳಿಸಿದ್ದ.

ಈಗಿನ ಡ್ರೈವರ್ ಬೀರಯ್ಯ, ಹೆಂಡತಿಯ ತಮ್ಮ. ಮನೆಯಲ್ಲೇ ಉಂಡು ಮಲಗುವವನು. ಬೀರುವಿನಲ್ಲಿರುವ ಬ್ಯಾಂಕ್ ಕಾರ್ಡನ್ನು ಡೀಸೆಲ್‌ಗೆಂದು ಒಯ್ಯುವವನೂ ಅವನೇ. ಇನ್ನೇನು ಬೇಕು?

"ಸೋಮವಾರ ಗಾಡಿ ತಕಂಡು ಎಲ್ಲೋಗಿದ್ದೆ?"

"ಎಲ್ಲೂ ಇಲ್ಲ ಭಾವ." ಬೀರಯ್ಯ ಹಗ್ಗ ಸುತ್ತುತ್ತಲೇ ಹೇಳಿದ.

ಹಮಾಲರ ಎದುರಿಗೇ ಜವರಯ್ಯ ಅವನನ್ನು ಕಳ್ಳ ಎಂದ. ಅದೇ ಟೆಂಪೋದಲ್ಲಿ ಒಬ್ಬರನ್ನೊಬ್ಬರು ನೋಡದೆ ಸೈಬರ್ ಪೊಲೀಸ್ ಠಾಣೆಗೆ ಬಂದರು.

ಠಾಣೆಯ ಹೆಡ್ ಕಾನ್‌ಸ್ಟೇಬಲ್ ಪದ್ಮಾವತಿ ಕಥೆ ಕೇಳುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿದರು. ಸೋಮವಾರದ ನೇಮ, ನಂಜನಗೂಡು ಎಲ್ಲ ಹೇಳಿ, ದೂರಿನಲ್ಲಿ ಬೀರಯ್ಯನ ಹೆಸರು ಬರೆಯಬೇಕೆಂದು ಜವರಯ್ಯ ಪಟ್ಟು ಹಿಡಿದ. ಹೆಸರು ಒಂದು ಸಲ ಬರೆದರೆ ಅಳಿಸುವುದು ಕಷ್ಟ, ಮನೆಯವರೆಲ್ಲ ಬರಲಿ ಎಂದರು ಪದ್ಮಾವತಿ. ಹೆಂಡತಿ ಚಾಮುಂಡೇಶ್ವರಿ, ಮಗಳು ದಿವ್ಯ ಆಟೋದಲ್ಲಿ ಬಂದಿಳಿದರು.

ಬ್ಯಾಂಕಿನವರು ಹೇಳಿದ್ದಿಷ್ಟು: ಮಂಗಳವಾರ ಸಂಜೆ ಯಾರೋ ಆ ಲಿಂಕು ಒತ್ತಿ, ಕಾರ್ಡಿನ ನಂಬರನ್ನೂ ಫೋನಿಗೆ ಬಂದ ಓಟಿಪಿಯನ್ನೂ ತುಂಬಿದ್ದಾರೆ. ಆಗ ಫೋನ್ ಪಡಸಾಲೆಯಲ್ಲಿ ಚಾರ್ಜಿಗಿತ್ತು. ನಾಲ್ವರೂ ಮನೆಯಲ್ಲಿದ್ದರು. ಒತ್ತಿದ್ದು ಯಾರೆಂದು ಕೇಳಿದರೆ ಒಬ್ಬೊಬ್ಬರೂ ತಾನಲ್ಲ ಎಂದರು.

"ಸೋಮವಾರ ಗಾಡಿ ಎಲ್ಲಿತ್ತು?" ಎಂದು ಕೇಳಿದರು ಪದ್ಮಾವತಿ.

"ಮನೆ ಮುಂದೆ," ಎಂದ ಬೀರಯ್ಯ.

"ನೋಡಿದೋರು?"

"ನಾನು ನೋಡಿದೀನಿ ಮೇಡಂ," ಎಂದಳು ದಿವ್ಯ. "ಬೆಳಗ್ಗೆಯಿಂದ ಸಂಜೆ ತಂಕ ಅದರ ಮೇಲೇ ಸಂಡಿಗೆ ಒಣಗಾಕಿದ್ದೆ."

"ಇವಳು ಮಾವನ ಪರ ಕಣ್ರೀ," ಎಂದ ಜವರಯ್ಯ. "ಅವನು ಸಂಡಿಗೆ ಸಮೇತ ಮದ್ದೂರು ನೋಡ್ಕಂಡು ಬಂದಿದ್ರೂ ಇವಳು ಇಂಗೇ ಹೇಳೋಳು."

ಪದ್ಮಾವತಿ ನಗಲಿಲ್ಲ. ಟೆಂಪೋದ ಫಾಸ್ಟ್ಯಾಗ್ ಖಾತೆಯನ್ನು ಬ್ಯಾಂಕಿನ ಆ್ಯಪಿನಲ್ಲೇ ತೆಗೆಸಿದರು. ಭಾನುವಾರ ಹಣ ಕಡಿತವಾಗಿತ್ತು, ಮಂಗಳವಾರವೂ ಆಗಿತ್ತು. ಸೋಮವಾರ ಇಲ್ಲ. ಟ್ಯಾಗಿನಲ್ಲಿ ಹಣವಿತ್ತು. ಗಾಡಿ ದಾಟಿದ್ದರೆ ತಾನಾಗಿ ಕಡಿತವಾಗುತ್ತಿತ್ತು. ಮೆಸೇಜು ಬಂದದ್ದು ಯಾರದೋ ಹತ್ತಂಕಿಯ ಮೊಬೈಲ್ ನಂಬರಿನಿಂದ. ಟೋಲಿನ ಅನುಮಾನ ಬಂದರೆ ನೋಡಬೇಕಾದ್ದು ಈ ಖಾತೆಯನ್ನು, ಬಂದ ಲಿಂಕನ್ನಲ್ಲ ಎಂದರು.

"ಅಂಗಾದ್ರೆ ನಮ್ಮ ಗಾಡಿ ನಂಬರು ಅವರಿಗೆ ಎಂಗೆ ಸಿಕ್ತು?"

"ಗಾಡಿ ಹಿಂದುಗಡೆ ನೋಡ್ಕಂಡು ಬಂದೆ. ಬಾಡಿಗೆಗೆ ಸಂಪರ್ಕಿಸಿ ಅಂತ ನಂಬರ್ ಪ್ಲೇಟಿನ ಮೇಲೇ ಫೋನ್ ನಂಬರು ಬರೆಸಿದೀರಲ್ಲ. ಎರಡೂ ಒಟ್ಟಿಗೆ ಸಿಕ್ಕಿದ್ರೆ ಸಾಕಲ್ವಾ?"

ಜವರಯ್ಯನ ಸ್ವರ ಇಳಿಯಿತು. ಆದರೂ ಕೇಳಿದ — ಮೆಸೇಜು ಸುಳ್ಳೇ ಇರಲಿ, ಒತ್ತಿದ್ದು ಯಾರು?

"ನೀವು ಕಾರ್ಡು ಯಾರ ಕೈಗೆ ಸಿಗುತ್ತೆ ಅಂತ ನೋಡಿದ್ರಿ," ಎಂದರು ಪದ್ಮಾವತಿ. "ಅದು ನಾಲ್ಕು ಜನಕ್ಕೂ ಸಿಗುತ್ತೆ. ನಾನು, ಈ ಸುಳ್ಳನ್ನ ಯಾರು ನಂಬಬಹುದು ಅಂತ ನೋಡಿದೆ. ಬೀರಯ್ಯಂಗೆ ಗಾಡಿ ಅಲ್ಲಾಡಿಲ್ಲ ಅಂತ ಗೊತ್ತು. ಸಂಡಿಗೆ ಹಾಕ್ದೋಳಿಗೂ ಗೊತ್ತು. ಹೋಗದೇ ಇರೋ ಗಾಡಿಗೆ ಯಾರಾದರೂ ಟೋಲ್ ಕಟ್ತಾರಾ?"

ಪದ್ಮಾವತಿ ಜವರಯ್ಯನ ಕಡೆ ತಿರುಗಿದರು.

"ಸೋಮವಾರ ಮನೇಲಿ ಇಲ್ಲದೇ ಇದ್ದೋರು ಇಬ್ಬರೇ. ಜವರಯ್ಯನೋರೇ, ನೀವು ನೋಡಿದ್ರೆ ಕಟ್ತಿರಲಿಲ್ಲ. ಮೊದಲು ಬೀರಯ್ಯನ ಕುತ್ತಿಗೆಪಟ್ಟಿ ಹಿಡೀತಿದ್ರಿ. ಇವತ್ತು ಮಾಡಿದ್ದೂ ಅದನ್ನೇ. ದುಡ್ಡು ಕದ್ದೋರು ಎಲ್ಲೋ ಕುಂತಿರೋ ವಂಚಕರು, ಅವರನ್ನ ಹುಡುಕ್ತೀವಿ. ಲಿಂಕು ಒತ್ತಿದ್ದು ಮಾತ್ರ — ನೀವೇ ಅಲ್ವಾ ಚಾಮುಂಡೇಶ್ವರಮ್ಮ?"

ಚಾಮುಂಡೇಶ್ವರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಿಟ್ಟು ಬಿಟ್ಟು ಹೇಳಿದಳು. ತಮ್ಮ ಸೋಮವಾರ ಗಾಡಿ ತೆಗೆದನೆಂದು ಗಂಡನಿಗೆ ಗೊತ್ತಾದರೆ ಮನೆಯಿಂದ ಆಚೆ ಹಾಕುತ್ತಾನೆ. ಕೇಳಿದ್ದು ಸಣ್ಣ ದುಡ್ಡು. ಸದ್ದಿಲ್ಲದೆ ಕಟ್ಟಿದರೆ ಮುಗಿಯಿತು ಎಂದುಕೊಂಡಿದ್ದಳು. ಆಮೇಲೆ ಬ್ಯಾಂಕಿನಿಂದ ಒಂದರ ಹಿಂದೊಂದು ಮೆಸೇಜು ಬಂದವು. ಹೇಳಲು ಬಾಯಿ ಬರಲಿಲ್ಲ.

"ಆಗಲೇ ಒಂದು ಫೋನ್ ಮಾಡಿದ್ರೆ ದುಡ್ಡು ತಡೆಯೋಕೆ ಆಗ್ತಿತ್ತೇನೋ ಕಣಮ್ಮ," ಎಂದರು ಪದ್ಮಾವತಿ. "ಈಗ ಆ ವಂಚಕರ ಖಾತೆಯಲ್ಲಿ ಎಷ್ಟು ಉಳಿದಿದೆಯೋ ಹೇಳೋಕಾಗಲ್ಲ."

ಜವರಯ್ಯ ತಲೆ ಎತ್ತಲಿಲ್ಲ. ಹೆಂಡತಿ ಹೆದರಿದ್ದು ಮೆಸೇಜಿಗಲ್ಲ, ತನಗೆ.

ಬೀರಯ್ಯ ಗೋಡೆಯ ಹತ್ತಿರ ನಿಂತಿದ್ದವನು ಅಕ್ಕನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ.

"ಭಾವ ನಂಬಲಿಲ್ಲ, ಅದು ಬುಡು. ಗುರುತಿಲ್ಲದೋನು ಯಾವನೋ ನಾನು ಗಾಡಿ ತಕಂಡೋದೆ ಅಂತ ಬರೆದ. ರಾತ್ರಿ ನಂಗೆ ಊಟಕ್ಕೆ ಇಕ್ಕಿದ್ಯಲ್ಲ, ಆಗ ಒಂದು ಮಾತು ಕೇಳ್ಬೋದಿತ್ತಲ್ಲ ಅಕ್ಕ?"

ಚಾಮುಂಡೇಶ್ವರಿ ಅವನ ಕೈ ಹಿಡಿಯಲು ಹೋದಳು. ಅವನು ಕೈ ಕೊಡಲೂ ಇಲ್ಲ, ಎದ್ದು ಹೋಗಲೂ ಇಲ್ಲ.